ಬಿಚ್ಚಲಾಗದ ದಾರ

ಹೊಳೆದಂಡೆಯ ಆ ಆಶ್ರಮದಲ್ಲಿ ಧ್ಯಾನದಷ್ಟೇ ಹೆಣಿಗೆಯೂ ನಡೆಯುತ್ತಿತ್ತು.

ತವರಿನಲ್ಲಿ ಹೆರಿಗೆ ಮುಗಿಸಿ ಹೊಳೆಯಾಚೆಯ ಗಂಡನ ಮನೆಗೆ ಹೊರಟ ಯಾವ ಬಾಣಂತಿಯ ಕೂಸೂ ಆಶ್ರಮದ ಸ್ವೆಟರ್ ತೊಡದೆ ದೋಣಿ ಹತ್ತುತ್ತಿರಲಿಲ್ಲ. ಕೂಸು ಬೆಳೆದು ಸ್ವೆಟರ್ ಗಿಡ್ಡವಾದಾಗ ಅದು ಆಶ್ರಮಕ್ಕೆ ಮರಳುತ್ತಿತ್ತು. ಅದನ್ನು ಬಿಚ್ಚಿ, ಇನ್ನಷ್ಟು ದಾರ ಸೇರಿಸಿ, ಅದೇ ಮಗುವಿಗೆ ದೊಡ್ಡದೊಂದು ಹೆಣೆದುಕೊಡುವುದು ಅಲ್ಲಿಯ ಪದ್ಧತಿ.

ಆ ವರ್ಷ ಮಾಗಿಯ ಚಳಿ ಶುರುವಾದಾಗ ಗುರುಗಳು ಶಿಷ್ಯೆ ಶಾಂಭವಿಯನ್ನು ಕರೆದರು.

"ಹನುಮಕ್ಕನ ಮೊಮ್ಮಗನಿಗೆ ನೀನೇ ಹೆಣೆ. ನಾನು ಕೈ ಹಾಕುವುದಿಲ್ಲ."

ಶಾಂಭವಿ ಈ ಮಾತಿಗೆ ಬಹಳ ಕಾಲದಿಂದ ಕಾದಿದ್ದಳು. ಅದುವರೆಗೆ ಅವಳು ಹೆಣೆದದ್ದರಲ್ಲೆಲ್ಲ ಕೊರಳೋ ತೋಳೋ ಗುರುಗಳ ಕೈಯದೇ ಆಗಿರುತ್ತಿತ್ತು.

ಮರುದಿನವೇ ಪೇಟೆಗೆ ಹೋಗಿ ಚೀಲ ತುಂಬ ಸಾಮಾನು ತಂದಳು. ಗುರುಗಳು ಬೈಯುತ್ತಾರೆಂದು ಉತ್ತರಗಳನ್ನೂ ದಾರಿಯಲ್ಲೇ ಸಿದ್ಧಮಾಡಿಕೊಂಡಿದ್ದಳು.

ಗುರುಗಳು ಬೈಯಲಿಲ್ಲ. ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದರು.

"ಇದೇನು?"

"ದಾರದ ಉಂಡೆ ಸುತ್ತುವ ಯಂತ್ರ, ಗುರುಗಳೇ. ಹಿಡಿ ತಿರುಗಿಸಿದರೆ ಸಾಕು."

ಅವರು ತಿರುಗಿಸಿದರು. ಆಶ್ರಮದಲ್ಲಿದ್ದ ದಾರದ ಲಡಿಗಳನ್ನೆಲ್ಲ ತರಿಸಿ ಸುತ್ತಿ ಮುಗಿಸಿದ ಮೇಲೆಯೇ ಬಿಟ್ಟರು.

"ಇದು?"

"ಸಾಲು ಎಣಿಸುವ ಉಂಗುರ. ಒಂದು ಸಾಲು ಮುಗಿದಾಗ ಇಲ್ಲಿ ಒತ್ತಬೇಕು."

"ಒತ್ತಲು ಮರೆತರೆ?"

"ಮರೆಯಬಾರದು."

"ಸರಿ, ಸರಿ."

ಕ್ರೋಶಾ ಹಾಕುವ ಕೊಕ್ಕೆ ಕಡ್ಡಿಯೊಂದಿತ್ತು. ಗುಂಡಿ ಒತ್ತಿದರೆ ಅದರ ತುದಿಯಲ್ಲಿ ದೀಪ ಉರಿಯುತ್ತಿತ್ತು. ಗುರುಗಳು ಅದನ್ನು ಮುಷ್ಟಿಯೊಳಗೆ ಹಿಡಿದು, ಬೆರಳ ಸಂದಿನ ಬೆಳಕು ನೋಡಿ ನಕ್ಕರು.

ಆಮೇಲೆ ದಾರಗಳು. ಬಿದಿರು ನಾರಿನದೊಂದು, ತಾನೇ ಬಣ್ಣ ಬದಲಿಸುತ್ತ ಹೋಗುವುದೊಂದು, ಮೊಲದ ಮೈಯಂತೆ ಮೆತ್ತನೆಯ ರೋಮ ತುಂಬಿದ ಬಿಳಿಯದೊಂದು.

ಗುರುಗಳು ಕಡ್ಡಿ ತೆಗೆದುಕೊಂಡು ಬಿದಿರಿನ ದಾರದಲ್ಲಿ ಅಂಗೈಯಗಲ ಹೆಣೆದರು. ನೋಡಿದರು. ತುದಿ ಹಿಡಿದೆಳೆದು ಸರಸರನೆ ಬಿಚ್ಚಿದರು. ಬಣ್ಣದ್ದನ್ನೂ ಹೆಣೆದು ಬಿಚ್ಚಿದರು.

ಬಿಳಿ ದಾರ ಅಂಗೈಯಗಲಕ್ಕೆ ಬಂದಾಗ ಮೋಡದ ತುಣುಕಿನಂತೆ ಕಂಡಿತು. ಒಂದೆರಡು ಕಡೆ ರೋಮ ಹಿಡಿದು ಜಗ್ಗಿದರು, ಕಿತ್ತು ಬರಲಿಲ್ಲ. ಇನ್ನೇನು ತುದಿ ಹಿಡಿಯಬೇಕು, ಶಾಂಭವಿ ಕೈ ಅಡ್ಡ ಇಟ್ಟಳು.

"ಬೇಡಿ ಗುರುಗಳೇ. ಎಷ್ಟು ಚಂದ ಬಂದಿದೆ. ಇದನ್ನು ಬಿಚ್ಚಬೇಡಿ."

ಅವರು ಆ ತುಂಡನ್ನು ಅವಳ ಕೈಗಿಟ್ಟರು.

ಶಾಂಭವಿ ಆ ಬಿಳಿ ದಾರದಲ್ಲೇ ಹೆಣೆದಳು. ಆಶ್ರಮಕ್ಕೆ ಬಂದವರೆಲ್ಲ ಕೆನ್ನೆಗೆ ಒತ್ತಿ ನೋಡಿ ಹೊಗಳಿದರು. ಹೊಗಳಿದಷ್ಟೂ ಅವಳ ಕೈ ಚುರುಕಾಯಿತು.

ಬಾಣಂತಿ ಹೊರಡುವ ದಿನ ಬೆಳಿಗ್ಗೆಯೇ ಹನುಮಕ್ಕ ಕೂಸನ್ನೆತ್ತಿಕೊಂಡು ಮಗಳೊಂದಿಗೆ ಬಂದಳು.

"ಅಯ್ಯ, ಕರಡಿಮರಿ ಇದ್ದಂಗೈತಲ್ಲವ್ವ" ಎನ್ನುತ್ತ ಸ್ವೆಟರ್ ತೆಗೆದುಕೊಂಡು ಕೂಸಿನ ತಲೆಯ ಮೇಲಿಂದ ಹಾಕಿದಳು.

ಅದು ಹಣೆಯವರೆಗೆ ಬಂದು ನಿಂತಿತು. ಮೆಲ್ಲಗೆ ಎಳೆದಳು. ಕೂಸು ಕಿರುಚಿತು.

"ಅಪ್ಪನ ತಲೇನೇ ಬಂದೈತೆ ಇವನಿಗೆ. ಅವನೂ ಯಾವ ಬಾಗಿಲಲ್ಲೂ ಸಲೀಸಾಗಿ ತೂರೋನಲ್ಲ" ಎಂದಳು ಹನುಮಕ್ಕ. ಮಗಳು ಬೇರೆ ಕಡೆ ಮುಖ ತಿರುಗಿಸಿ ನಕ್ಕಳು.

ಶಾಂಭವಿಗೆ ನಗು ಬರಲಿಲ್ಲ. ಸ್ವೆಟರನ್ನು ಬಿಸಿಲಿಗೆ ಹಿಡಿದು ನೋಡಿದಳು. ಉಂಗುರ ಸಾಲುಗಳನ್ನು ಸರಿಯಾಗಿಯೇ ಎಣಿಸಿತ್ತು. ಆದರೆ ರೋಮದೊಳಗೆ ಕುಣಿಕೆಗಳು ಕಾಣದೆ, ಕೊರಳ ಹತ್ತಿರ ಅಲ್ಲಲ್ಲಿ ಎರಡನ್ನು ಒಂದೆಂದೇ ಹೆಣೆದುಬಿಟ್ಟಿದ್ದಳು; ಕೊರಳು ಕಿರಿದಾಗಿತ್ತು.

"ದೋಣಿ ಇರುವುದು ಸಂಜೆಗೆ ತಾನೆ? ಕೊರಳಷ್ಟು ಬಿಚ್ಚಿ ಮತ್ತೆ ಹಾಕುತ್ತೇನೆ. ಇಲ್ಲೇ ಇರಿ."

ತುದಿ ಹುಡುಕಿ ಎಳೆದಳು. ಒಂದು ಕುಣಿಕೆ ಬಂತು. ಎರಡನೆಯದು ಬರಲಿಲ್ಲ. ರೋಮಕ್ಕೆ ರೋಮ ಹೆಣೆದುಕೊಂಡು ಗಂಟಾಗಿತ್ತು. ಸೂಜಿಯಿಂದ ಬಿಡಿಸಲು ನೋಡಿದಳು. ಹಲ್ಲಿನಿಂದಲೂ ನೋಡಿದಳು. ಬಿಸಿಲು ನೆತ್ತಿಗೇರಿ ಇಳಿಯಿತು. ಬಿಚ್ಚಿದ್ದು ಬೆರಳುದ್ದವೂ ಇರಲಿಲ್ಲ.

ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಹನುಮಕ್ಕ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

"ಆಗದಿದ್ರೆ ಬಿಡವ್ವ. ಹಳೇ ಸೀರೆ ಸುತ್ತಿ ಕರ್ಕೊಂಡು ಹೋಗ್ತಾಳೆ."

ಶಾಂಭವಿ ಎದ್ದು ಗುರುಗಳ ಮುಂದೆ ಹೋಗಿ ನಿಂತಳು.

"ಗುರುಗಳೇ, ಇದು ಬಿಚ್ಚಲು ಬರುವುದಿಲ್ಲ."

"ಹೌದೆ? ಗಟ್ಟಿ ದಾರ."

"ತಪ್ಪಾಯಿತು. ಅವತ್ತು ನಿಮ್ಮ ಕೈ ತಡೆಯಬಾರದಿತ್ತು."

"ಅವತ್ತಿನದು ಅವತ್ತಿಗೆ. ಈಗ ಎಳೆದರೆ ಬರುವುದಿಲ್ಲ ತಾನೆ?"

"ಬೆಳಗಿನಿಂದ ಎಳೆಯುತ್ತಿದ್ದೇನೆ."

"ಚೆನ್ನಾಗಿ ನೋಡಿದ್ದೀಯಾ?"

ಅವಳು ಸ್ವೆಟರನ್ನೇ ಅವರ ಮುಂದೆ ಹಿಡಿದಳು. ಗುರುಗಳು ತುದಿ ಹಿಡಿದು ಜಗ್ಗಿದರು. ಅದು ಕದಲಲಿಲ್ಲ.

"ಹಾಗಾದರೆ ಕತ್ತರಿ ತಾ" ಎಂದರು.

ಶಾಂಭವಿ ಅಲುಗಾಡಲಿಲ್ಲ. ಆ ಆಶ್ರಮದಲ್ಲಿ ಹೆಣೆದದ್ದಕ್ಕೆ ಕತ್ತರಿ ಇಟ್ಟವರಿಲ್ಲ. ಒಂದು ಕುಣಿಕೆ ಕಡಿದರೆ ಉಳಿದವೆಲ್ಲ ಒಂದರ ಹಿಂದೊಂದು ಜಾರಿಹೋಗುತ್ತವೆಂದು ಮೊದಲ ದಿನವೇ ಹೇಳಿಕೊಟ್ಟವರು ಇದೇ ಗುರುಗಳು.

"ಗುರುಗಳೇ, ಕತ್ತರಿಸಿದರೆ..."

"ಮೊದಲು ನಿನ್ನ ದೀಪದ ಕಡ್ಡಿ ತೆಗೆದುಕೋ. ಎದೆಯ ನಟ್ಟನಡುವೆ ಒಂದು ದಾರಿ ಬಿಟ್ಟು, ಅದರ ಎರಡೂ ಬದಿಗೆ ಮೇಲಿಂದ ಕೆಳತನಕ ಕ್ರೋಶಾ ಹಾಕಿ ಅಂಚು ಕಟ್ಟು. ಆಮೇಲೆ ನಡುವೆ ಕತ್ತರಿಸು."

"ನೀವೇ ಕತ್ತರಿಸಿಕೊಡಿ."

"ನಾನು ಕೈ ಹಾಕುವುದಿಲ್ಲ ಎಂದಿದ್ದೆ."

ಅವಳು ಕೂತಳು. ಕಡ್ಡಿಯ ದೀಪ ಹೊತ್ತಿಸಿದಳು. ರೋಮದೊಳಗಿನ ಕುಣಿಕೆಗಳು ಒಂದೊಂದಾಗಿ ಕಂಡವು. ಒಂದು ಬದಿ ಮುಗಿಸಿದಳು, ಇನ್ನೊಂದು ಬದಿ ಮುಗಿಸಿದಳು. ದಂಡೆಯಿಂದ ಅಂಬಿಗ ಕೂಗು ಹಾಕಿದ.

"ಬಂದ್ವಿ ಕಣಪ್ಪ. ಹೊಳೆ ಎಲ್ಲಿಗೂ ಓಡಿಹೋಗಲ್ಲ" ಎಂದು ಹನುಮಕ್ಕ ತಿರುಗಿ ಕೂಗಿದಳು.

ಶಾಂಭವಿ ಕತ್ತರಿ ಎತ್ತಿಕೊಂಡಳು.

"ಕೊರಳ ಹತ್ತಿರ ಒಂದಿಷ್ಟು ಸೀಳಿದರೆ ಸಾಕಲ್ಲವೇ? ತಲೆ ತೂರುತ್ತದೆ."

"ಪೂರ್ತಿ ಸೀಳಿದರೆ ತಲೆ ತೂರಿಸುವ ಕೆಲಸವೇ ಇಲ್ಲ. ಕೂಸು ಮಲಗಿದೆ ನೋಡು."

ಮೊದಲ ಕುಣಿಕೆ ಕಡಿದಳು. ಕಾದಳು. ಏನೂ ಜಾರಲಿಲ್ಲ. ಇನ್ನೊಂದು ಕಡಿದಳು. ರೋಮ ರೋಮವನ್ನು ಹಿಡಿದೇ ಇತ್ತು. ಆಮೇಲೆ ನಿಲ್ಲಿಸದೆ ಕೆಳತನಕ ಕತ್ತರಿಸಿದಳು. ಸ್ವೆಟರ್ ಕೋಟಿನಂತೆ ಎರಡು ಬದಿಗೆ ತೆರೆದುಕೊಂಡಿತು. ಅಂಚಿನಿಂದ ಒಂದು ಎಳೆಯೂ ಬಿಡಲಿಲ್ಲ.

ಉಳಿದ ದಾರದಲ್ಲಿ ಲಾಡಿ ಹೊಸೆದು ಎದೆಯ ಹತ್ತಿರ ಕಟ್ಟಿಕೊಟ್ಟಳು.

ಹನುಮಕ್ಕ ಮಲಗಿದ್ದ ಕೂಸಿನ ಒಂದು ತೋಳು ತೂರಿಸಿದಳು, ಇನ್ನೊಂದು ತೋಳು ತೂರಿಸಿದಳು, ಲಾಡಿ ಬಿಗಿದಳು. ಕೂಸು ಕಣ್ಣು ಬಿಡಲಿಲ್ಲ.

"ಗಿಡ್ಡ ಆದ್ಮೇಲೆ ಇದನ್ನು ಬಿಚ್ಚಕ್ಕಾಗಲ್ವಲ್ಲ ಬುದ್ಧಿ, ಏನು ಮಾಡೋದು?" ಎಂದು ಗುರುಗಳನ್ನು ಕೇಳಿದಳು.

"ಇವನ ತಮ್ಮನಿಗೆ ಎತ್ತಿಡು."

"ಕೇಳಿಸ್ಕೊಂಡೇನೇ?" ಎಂದು ಹನುಮಕ್ಕ ಮಗಳ ಕಡೆ ನೋಡಿದಳು. ಮಗಳು ಆಗಲೇ ದಂಡೆಯ ಕಡೆ ಹೆಜ್ಜೆ ಹಾಕಿದ್ದಳು.

ದೋಣಿ ಹೊರಟಿತು. ನೀರಿನ ಮೇಲೆ ಆ ಬಿಳಿ ಚುಕ್ಕೆ ಬಹಳ ಹೊತ್ತು ಕಾಣುತ್ತಿತ್ತು.

ಶಾಂಭವಿ ದಂಡೆಯಲ್ಲೇ ನಿಂತಿದ್ದಳು. ಕತ್ತರಿ ಇನ್ನೂ ಅವಳ ಕೈಯಲ್ಲಿತ್ತು.

"ಗುರುಗಳೇ, ಕತ್ತರಿಸಿದರೆ ಅದು ಬಿಚ್ಚಿಕೊಳ್ಳುವುದಿಲ್ಲ ಎಂದು ನಿಮಗೆ ಗೊತ್ತಿತ್ತೆ?"

"ಇಲ್ಲ."

"ಅಕಸ್ಮಾತ್ ಬಿಚ್ಚಿಕೊಂಡಿದ್ದರೆ?"

"ಬೆಳಗಿನಿಂದ ನೀನು ಒದ್ದಾಡಿದ್ದು ಅದಕ್ಕೇ ಅಲ್ಲವೇ?" ಎಂದರು ಗುರುಗಳು.