ಮುರಿಗೆಮ್ಮ ತಾಯಿಯವರು ಬಾಗಿಲು ಕಾಯ್ದ ದಿನ

ಈಗಿನ ಹಾಗೆ ಆಗ ಹಗಲು ಹೊತ್ತು ಮನೆಯ ಬಾಗಿಲು ಹಾಕುವ ರೂಢಿ ಇರಲಿಲ್ಲ. ಬೆಳಗಿನಲ್ಲಿ ಹೊಸ್ತಿಲಿಗೆ ನೀರು ಹಾಕಿ ತೆರೆದ ಬಾಗಿಲು ದೀಪ ಹಚ್ಚಿದ ಮೇಲೂ ತೆರೆದೇ ಇರುತ್ತಿತ್ತು. ಹಗಲಲ್ಲಿ ಮುಚ್ಚಿದ್ದರೆ ಆ ಮನೆಯಲ್ಲಿ ಏನೋ ಕೇಡಾಗಿದೆ ಎಂದೇ ಓಣಿಯವರು ಓಡಿ ಬರುತ್ತಿದ್ದರು. ಮಲಪ್ರಭೆಯ ದಂಡೆಯ ಹೊಳೆಸಿಂಗಾಪುರದಲ್ಲಿ ಹಗಲೇ ಮುಚ್ಚುತ್ತಿದ್ದ ಬಾಗಿಲು ಒಂದೇ. ಅದು ಪೂಜ್ಯ ಮುರಿಗೆಮ್ಮ ತಾಯಿಯವರದು.

ಕುಂಬಾರ ಓಣಿಯ ಕೊನೆಗೆ ಮಣ್ಣಿನ ಮಾಳಿಗೆಯ ಸಣ್ಣ ಕೋಣೆ. ಒಳಗೆ ಒಂದು ಚಾಪೆ, ನೀರಿನ ಗಡಿಗೆ, ಗೋಡೆಯ ಗೂಡಿನಲ್ಲಿ ವಿಭೂತಿ ಗಟ್ಟಿ. ತಾಯಿಯವರು ಬಾಗಿಲು ಹಾಕಿಕೊಂಡು ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟು ಕುಳಿತರೆ ಊರ ಗೌಡರೂ ಹೊರಗೆ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದರು. ಕುಂಬಾರರು ಗಡಿಗೆ ಬಡಿಯುವುದನ್ನು ನಿಲ್ಲಿಸುತ್ತಿದ್ದರಂತೆ. ಯಾರೂ ಹೇಳಿ ನಿಲ್ಲಿಸಿದ್ದಲ್ಲ. ಅಂಥ ಕಾಲ ಅದು.

ಒಂದು ಮುಂಜಾನೆ ತಾಯಿಯವರು ಇನ್ನೇನು ಬಾಗಿಲು ಹಾಕಬೇಕು, ಮೇಲೋಣಿಯ ತುಂಬಿದ ಮನೆಯ ಸೊಸೆ ನೀಲಗಂಗಾ ಬಂದು ನಿಂತಳು. ಸೊಂಟದ ಮೇಲೆ ಕೂಸು, ಅತ್ತು ಕೆಂಪಾದ ಕಣ್ಣು. ಕಾಲಿಗೆ ಬೀಳುವುದನ್ನೂ ಮರೆತಿದ್ದಳು.

“ನಿಮಗ ಬಾಗಲಾ ಐತಿ, ತಾಯಿ. ನನಗೆಲ್ಲೈತಿ?” ಎಂದಳು. “ಲಿಂಗ ಅಂಗೈಮ್ಯಾಗ ಇಟ್ಕೊಂಡ್ರ ಕೂಸು ಕಸಗೋತೈತಿ. ದೃಷ್ಟಿ ನೆಟ್ಟೆ ಅನ್ನೂದ್ರಾಗ ಅತ್ತಿ ಕರೀತಾರ. ಎದ್ದು ಹೋಗೂದ್ರಾಗ ಹಾಲು ಉಕ್ಕಿರತೈತಿ. ನಮ್ಮ ಮಾವ ಪೂಜಿಗೆ ಕುಂತ್ರ ಮನ್ಯಾಗಿನ ಬೆಕ್ಕೂ ತುದಿಗಾಲಮ್ಯಾಗ ಅಡ್ಡಾಡತೈತಿ. ನನ್ನ ಶಿವ ಏನು ತಂಗಳುಂಡು ಬದುಕಬೇಕೇನು? ಇಂಥ ಕಳ್ಳಪೂಜಿ ಸಾಕು. ಇದನ್ನ ನೀವ ಇಟ್ಕೊರಿ.”

ಹೀಗೆಂದು ಕೊರಳಲ್ಲಿ ಲಿಂಗ ಕಟ್ಟಿದ್ದ ಶಿವದಾರವನ್ನು ಬಿಚ್ಚಿಬಿಟ್ಟಳು. ದೀಕ್ಷೆಯಲ್ಲಿ ಗುರು ಕೊಟ್ಟ ಲಿಂಗವನ್ನು ಮೈಯಿಂದ ಅಗಲಿಸುವುದೆಂದರೆ ಪ್ರಾಣವನ್ನೇ ಅಗಲಿಸಿದಂತೆ. ನೀರಿಗೆ ಹೊರಟಿದ್ದ ಹೆಂಗಸರು “ಶಿವ ಶಿವಾ” ಎಂದು ನಿಂತಲ್ಲೇ ನಿಂತರು.

ತಾಯಿಯವರು ಸಿಟ್ಟಾಗಲಿಲ್ಲ, ಶಾಸ್ತ್ರ ಹೇಳಲಿಲ್ಲ. ಎರಡೂ ಕೈ ಚಾಚಿದರು. ನೀಲಗಂಗಾ ಲಿಂಗವನ್ನು ಮುಂದೆ ಹಿಡಿದಳು. ತಾಯಿಯವರು ತೆಗೆದುಕೊಂಡದ್ದು ಕೂಸನ್ನು.

“ಒಳಗ ನೀರೈತಿ, ಪತ್ರಿ ಐತಿ. ಹೋಗು,” ಎಂದರು. ಆಕೆ ಒಳಗೆ ಕಾಲಿಟ್ಟೊಡನೆ ಹೊರಗಿನಿಂದ ಬಾಗಿಲು ಎಳೆದು, ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತುಬಿಟ್ಟರು.

ದರ್ಶನಕ್ಕೆ ಬಂದ ಗೌಡರಿಗೆ ದಿಗಿಲಾಯಿತು. “ಒಳಗ ಯಾರದಾರ್ರಿ ತಾಯಿ? ಶ್ರೀಶೈಲದಿಂದ ಸ್ವಾಮಿಗೋಳು ಬಂದಾರೇನ್ರಿ?”

“ಒಬ್ಬಾಕಿ ಬಂದಾಳ. ಕಾಯ್ರಿ,” ಎಂದರು ತಾಯಿಯವರು.

ಗೌಡರು ಕೈ ಮುಗಿದು ಗಿಡದ ಕೆಳಗೆ ಹೋಗಿ ಕುಳಿತರು. ಅಷ್ಟರಲ್ಲಿ ಕೂಸು ತಾಯಿಯವರ ಮಡಿ ಸೀರೆಯ ಮೇಲೆ ಉಚ್ಚೆ ಹೊಯ್ದಿತು. ಅವರು ಸೆರಗಿನಿಂದ ಒರೆಸಿ, ಕೂಸಿನ ಪಾದ ಎತ್ತಿ ಕಣ್ಣಿಗೊತ್ತಿಕೊಂಡರು.

ಆಗ ಬಂದಳು ನೀಲಗಂಗಾಳ ಅತ್ತೆ ಫಕೀರವ್ವ. ಆಕೆಗಿಂತ ಮೊದಲು ಆಕೆಯ ದನಿಯೇ ಓಣಿಗೆ ಬಂದಿತ್ತು. “ಒಲಿಮ್ಯಾಗಿನ ಅನ್ನ ಹೊತ್ತಿ ಕರಕಾಗೇತಿ! ಎಲ್ಲಿ ಹಾಳಾಗಿ ಹೋದ್ಲಕಿ?”

“ಮೆಲ್ಲಕ, ಫಕೀರವ್ವ. ಒಳಗ ಆಕಿ ಶಿವನ ಕೂಡ ಅದಾಳ.”

“ಹಗಲಹೊತ್ತಿನ್ಯಾಗ ಬಾಗಲಾ ಹಾಕ್ಕೊಂಡೇನ್ರಿ? ಮನಿತನದ ಹೆಣ್ಣುಮಕ್ಕಳು ಮಾಡೂ ಕೆಲಸೇನ್ರಿ ಇದು? ನಾ ಬಾಳೇವು ಮಾಡ್ಲಿಲ್ಲೇನು? ನನಗ ಯಾರು ಬಾಗಲಾ ಹಾಕಿಕೊಟ್ಟಿದ್ರು?”

ಬೈಗುಳವಾಗಿ ಹೊರಟ ಮಾತು ಕೊನೆಗೆ ಬರುವಷ್ಟರಲ್ಲಿ ನಿಜವಾದ ಪ್ರಶ್ನೆಯೇ ಆಗಿತ್ತು.

ತಾಯಿಯವರು ಆಕೆಯ ಮುಖವನ್ನೇ ನೋಡಿದರು. “ಯಾರೂ ಹಾಕಿಕೊಡಲಿಲ್ಲ. ತಪ್ಪಾತು, ಯವ್ವಾ,” ಎಂದರು. ಆ ತಪ್ಪು ತಮ್ಮದೇ ಎಂಬಂತೆ ಕೈ ಮುಗಿದರು.

ಫಕೀರವ್ವ ಧೊಪ್ಪನೆ ಮಣ್ಣಿನಲ್ಲೇ ಕುಳಿತಳು. ಗಿಡದಿಂದ ಬೇವಿನ ಹಣ್ಣು ಉದುರುವುದೂ ಕೇಳಿಸುತ್ತಿತ್ತು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ನೀಲಗಂಗಾಳ ಹಣೆ ತುಂಬ ವಿಭೂತಿ, ಲಿಂಗ ಮತ್ತೆ ಕೊರಳಲ್ಲಿ. ಅತ್ತೆಯನ್ನು ಕಂಡು ಸೆರಗೆಳೆದುಕೊಂಡು ಗೋಡೆಗೆ ಸರಿದಳು. ಏಟು ಬಿತ್ತೆಂದೇ ತಿಳಿದಳು.

ಫಕೀರವ್ವ ಸೀರೆಯ ಮಣ್ಣು ಕೊಡವಿಕೊಂಡು ಎದ್ದಳು. “ಕೂಸಿನ್ನ ತಗೊ,” ಎಂದಳು. “ಈಗ ನಾ ಒಳಗ ಹೋಗತೀನಿ. ನೀ ಇಲ್ಲೆ ಕುಂದ್ರು. ಆ ಗೌಡ ಎದ್ದು ಬಂದ್ರೂ ಬಿಡಬ್ಯಾಡ.”

ಎದ್ದಿದ್ದ ಗೌಡರು ಮತ್ತೆ ಕುಳಿತರು. ನೀಲಗಂಗಾ ಬಾಗಿಲೆಳೆದು ತಾಯಿಯವರ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ನೀಲಗಂಗಾ ಗಾಬರಿಯಾಗಿ ಬಾಗಿಲಿಗೆ ಕೈ ಹಾಕಿದಳು.

ತಾಯಿಯವರು ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು.

“ಇರಲಿ ಬಿಡು. ಮಾತಾಡಾಕ ಹತ್ಯಾಳ,” ಎಂದರು.