ಕಪ್ಪು ಪುಟದ ಮೇಲೆ ಕಪ್ಪು ಅಕ್ಷರ

ಒಂದು ಇ-ಪುಸ್ತಕದಲ್ಲಿ ಅಕ್ಷರಗಳ ಉಡುಗೆ ತೊಡುಗೆ ನೋಡಿಕೊಳ್ಳುವ ಸಿಎಸ್‌ಎಸ್ ಎಂಬ ವಿನ್ಯಾಸ ಭಾಷೆಯ ಎರಡು ನಿಯಮಗಳಿದ್ದವು. ಮೊದಲ ಅಧ್ಯಾಯವನ್ನು ಆಳುತ್ತಿದ್ದ ಹಿರಿಯ ನಿಯಮಕ್ಕೆ ನಲವತ್ತು ಸಾಲು. "ಅಕ್ಷರಗಳೇ, ಎತ್ತರ ಇಷ್ಟೇ, ಬಣ್ಣ ಕಪ್ಪೇ! ಓದುವವರು ಏನೇ ಕೇಳಲಿ, ಕದಲಕೂಡದು!" ಎಂದು ಅದು ಗುಡುಗುತ್ತಿತ್ತು. ಎರಡನೆಯ ಅಧ್ಯಾಯದ ಕಿರಿಯ ನಿಯಮ ಹೇಳುತ್ತಿದ್ದುದು ಇಷ್ಟೇ: "ಪ್ಯಾರಾದ ಮೊದಲ ಸಾಲು ತುಸು ಒಳಗೆ ಸರಿಯಲಿ. ಉಳಿದದ್ದು ಓದುವವರ ಇಷ್ಟ."

"ಇದೂ ಒಂದು ಆಡಳಿತವೇ?" ಎಂದು ಹಿರಿಯ ನಿಯಮ ನಕ್ಕಿತು.

ಅಷ್ಟರಲ್ಲಿ ನಿವೃತ್ತ ಟೀಚರ್ ಚೆಲುವಾಂಬ ಪುಸ್ತಕ ತೆರೆದರು. "ಅಬ್ಬಾ, ಈ ಬಿಳುಪು ಕಣ್ಣಿಗೆ ಚುಚ್ಚುತ್ತೆ" ಎಂದು ಪುಟವನ್ನು ಕಪ್ಪು ಮಾಡಿಕೊಂಡು, ಅಕ್ಷರಗಳು ದೊಡ್ಡದಾಗಲಿ ಎಂದು ಕೇಳಿದರು. ಮೊದಲ ಅಧ್ಯಾಯದಲ್ಲಿ ಕಪ್ಪಿನ ಮೇಲೆ ಕಪ್ಪು.

"ಅಯ್ಯೋ, ಇಲ್ಲಿ ಏನೂ ಬರೆದೇ ಇಲ್ಲವಲ್ಲ!" ಎಂದು ಟೀಚರ್ ಮುಂದಿನ ಅಧ್ಯಾಯಕ್ಕೆ ಹಾರಿದರು. ಅಲ್ಲಿಯ ಅಕ್ಷರಗಳು ಹೋ ಎಂದು ಬೆಳ್ಳಗಾಗಿ, ಪೂರಿಯಂತೆ ಉಬ್ಬಿ, ಒಂದನ್ನೊಂದು ತಳ್ಳಿಕೊಂಡು ಸಾಲಿನಿಂದ ಸಾಲಿಗೆ ಕುಣಿದಿಳಿದವು. ಟೀಚರಮ್ಮ ಕನ್ನಡಕ ತೆಗೆದಿಟ್ಟು ಓದತೊಡಗಿದರು.

ಹಿಂದಿನ ಕತ್ತಲೊಳಗಿಂದ ಹಿರಿಯ ನಿಯಮ ಕೂಗಿತು: "ನೋಡಿದಿರಾ, ಒಂದಕ್ಷರವೂ ನನ್ನ ಮಾತು ಮೀರಲಿಲ್ಲ!"