ಎದುರು ಕೂತವರ ಮನೆ

ಹೊಳೆದಂಡೆಯಲ್ಲಿ ಚಿತ್ರ ಕಲಿಸುವ ಒಂದು ಆಶ್ರಮ. ಯಾವ ಊರು ಅಂತ ಕೇಳಿದರೆ ಹೇಳುವವರು ಮೂರು ಹೆಸರು ಹೇಳುತ್ತಾರೆ, ಮೂರೂ ಸುಳ್ಳಿರಬಹುದು. ಗುರುಗಳ ಹೆಸರು ಗವಿಯಪ್ಪ ಅನ್ನುವುದು ಮಾತ್ರ ನಿಜ.

ಒಂದು ಬೆಳಿಗ್ಗೆ ಹಳೆಯ ಶಿಷ್ಯ ಕೊಟ್ರೇಶ ಬಂದು ತನ್ನ ಕುಂಚ, ಪೆನ್ಸಿಲ್ಲುಗಳನ್ನೆಲ್ಲ ಗುರುಗಳ ಮುಂದೆ ಸುರಿದ.

"ಏನಪ್ಪಾ, ಅಂಗಡಿ ಇಡ್ತೀಯಾ?"

"ವಾಪಸ್ ಕೊಡೋಕೆ ಬಂದೆ ಗುರುಗಳೇ. ನನ್ನ ಕೈ ಕೆಟ್ಟಿದೆ."

ಕೊಟ್ರೇಶ ವಿಡಿಯೋ ಗೇಮುಗಳಿಗೆ ಚಿತ್ರ ಬರೆಯುತ್ತಿದ್ದ. ಈ ಸಲದ್ದು ಚೌಕಾಬಾರ. ಟ್ಯಾಬನ್ನು ಚಾಪೆಯ ಮೇಲಿಟ್ಟು ಸುತ್ತ ನಾಲ್ಕು ಜನ ಕೂತು ಆಡುವಂಥದ್ದು. ಮಹಿಳಾ ಮಂಡಳಿಯ ಹೆಂಗಸರಿಗೆ ಕೊಟ್ಟು ಆಡಿಸಿ ನೋಡಿದ್ದ. ಪ್ರತಿ ಸಲವೂ ಆಟ ಅರ್ಧಕ್ಕೆ ಬರುವಷ್ಟರಲ್ಲಿ ಯಾರಾದರೊಬ್ಬರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು.

ಸೋಮವಾರ ಕೊನೆಯ ಸಲ ಆಡಿಸಿ ನೋಡುವುದಿತ್ತು. ಅಂದೂ ಯಾರಾದರೂ ನಡುವೆ ಎದ್ದು ಹೋದರೆ ಅವನ ಕೆಲಸ ಬೇರೆಯವರ ಪಾಲು.

"ಹೇಗಿದೆ ಅಂತ ಅವರನ್ನ ಕೇಳಿದೆಯಾ?"

"ನಲವತ್ತು ಜನರನ್ನ ಕೇಳಿದೆ. ನಲವತ್ತೂ ಜನ ಚೆನ್ನಾಗಿದೆ ಅಂದರು."

"ಹಾಲು ನೆನಪಾದವರು?"

"ಅವರು ತುಂಬಾ ಚೆನ್ನಾಗಿದೆ ಅಂದರು."

ಗುರುಗಳು ಟ್ಯಾಬಿನಲ್ಲಿದ್ದ ಚಿತ್ರ ನೋಡಿದರು. ಕಂಬಗಳ ತೊಟ್ಟಿ, ನಡುವೆ ಚೌಕಾಬಾರದ ಹಾಸು. ಹಾಸಿನಲ್ಲಿ ಹತ್ತಿರದ ಮನೆಗಳು ದೊಡ್ಡವು, ದೂರ ಹೋದಂತೆಲ್ಲ ಚಿಕ್ಕವು. ದಾರ ಹಿಡಿದು ನೋಡಿದರು. ಗೆರೆಗಳೆಲ್ಲ ಹೋಗಿ ಒಂದೇ ಬಿಂದುವಿನಲ್ಲಿ ಸೇರಿದವು, ಕೂದಲೆಳೆಯಷ್ಟೂ ತಪ್ಪಿಲ್ಲ.

"ಎದ್ದು ಹೋದವರು ಯಾವ ಕಡೆ ಕೂತಿದ್ದರು?"

ಕೊಟ್ರೇಶ ತಲೆ ಕೆರೆದುಕೊಂಡ. "ಹೆಸರು, ವಯಸ್ಸು, ಅಭಿಪ್ರಾಯ ಎಲ್ಲ ಬರೆದುಕೊಂಡಿದ್ದೀನಿ. ಯಾವ ಕಡೆ ಅಂತ... ಬರೆದುಕೊಂಡಿಲ್ಲ."

"ಹೋಗಲಿ ಬಿಡು. ಬಾ, ಒಂದಾಟ ಆಡೋಣ."

ಗುರುಗಳು ಮರಳಿನ ಮೇಲೆ ಅದೇ ಹಾಸನ್ನು ಅದೇ ಪ್ರಮಾಣದಲ್ಲಿ ದೊಡ್ಡದಾಗಿ ಗೀಚಿದರು. ಅಗಲವಾದ ಕಡೆ ತಾವು ಕೂತು, ಕಿರಿದಾದ ಕಡೆ ಶಿಷ್ಯನನ್ನು ಕೂರಿಸಿದರು. ಕಾಯಿಗಳಿಗೆ ಹೊಳೆಯ ಕಲ್ಲು.

ಗುರುಗಳ ಮನೆ ತಟ್ಟೆಯಷ್ಟು. ಕೊಟ್ರೇಶನ ಮನೆ ಬಳೆಯಷ್ಟು. ನಾಲ್ಕು ಕಲ್ಲು ಅದರಲ್ಲಿ ಹಿಡಿಯಲಿಲ್ಲ. ಒಂದು ಗೆರೆಯಾಚೆ ಉರುಳಿತು. ಗುರುಗಳು ಕವಡೆ ಹಾಕಿ, ಕಾಯಿ ನಡೆಸಿ, ಆ ಕಲ್ಲನ್ನು ಬೆರಳಲ್ಲಿ ಚಿಮ್ಮಿದರು.

"ಹೊಡೆದೆ!"

"ಗುರುಗಳೇ, ಅದು ನನ್ನ ಮನೇಲಿತ್ತು! ಮನೇಲಿರೋ ಕಾಯಿ ಹೊಡೆಯೋ ಹಾಗಿಲ್ಲ!"

"ಇಲ್ಲಿಂದ ನನಗೆ ಆಚೆ ಕಂಡಿತಪ್ಪ."

ಮುಂದಿನ ಸರದಿಯಲ್ಲಿ ಇನ್ನೊಂದನ್ನು ಹೊಡೆದರು. ಆಮೇಲೆ ಮತ್ತೊಂದು.

"ಆಟ ಹೇಗಿದೆ ಕೊಟ್ರೇಶಾ?"

ಗುರುಗಳಿಗೆ ಎದುರಾಡುವುದುಂಟೇ?

"ಚೆನ್ನಾಗಿದೆ ಗುರುಗಳೇ. ಆದರೆ ಊರಲ್ಲಿ ನನಗೆ ಸ್ವಲ್ಪ ಕೆಲಸ..."

ಮಾತು ಅಲ್ಲೇ ನಿಂತಿತು. ಹಾಸನ್ನು ನೋಡಿದ. ಎದ್ದು ಗುರುಗಳ ಪಕ್ಕ ಬಂದು ನೋಡಿದ. ಮತ್ತೆ ಆಚೆ ಹೋಗಿ ನೋಡಿದ.

"ಅಯ್ಯೋ! ನಾನು ನೀವು ಕೂತ ಜಾಗದಲ್ಲೇ ಕೂತು ಬರೆದುಬಿಟ್ಟಿದ್ದೀನಿ!"

"ಮತ್ತೆ, ಕೈ?"

"ಕೈ ಸರಿಯಾಗೇ ಇದೆ ಗುರುಗಳೇ!" ಅಂದವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮರಳು ಸವರಿ ಹೊಸದಾಗಿ ಬರೆಯಲು ಕೂರಹೊರಟ. ಗುರುಗಳು ಅಂಗಿಯ ಕಾಲರು ಹಿಡಿದು ಎಬ್ಬಿಸಿದರು.

"ಕೂರಬೇಡ. ನಿಂತು ಬರಿ."

ಉದ್ದನೆಯ ಕೋಲು ಹಿಡಿದು, ಹಾಸನ್ನು ಮೇಲಿಂದ ನೆಟ್ಟಗೆ ನೋಡುತ್ತ ಬರೆದ. ಮನೆಗಳೆಲ್ಲ ಒಂದೇ ಅಳತೆಗೆ ಬಂದವು. ಸುತ್ತ ಬರೆದ ತೊಟ್ಟಿಯ ಕಂಬಗಳು ನಾಲ್ಕೂ ದಿಕ್ಕಿಗೆ ಹೊರಳಿ ನಿಂತವು.

ಮತ್ತೆ ಆಡಿದರು. ಯಾರ ಕಲ್ಲೂ ಉರುಳಲಿಲ್ಲ. ಗೆದ್ದವರು ಮಾತ್ರ ಗುರುಗಳೇ.

ಕೊಟ್ರೇಶ ಅಂಗಿಯ ತೋಳು ಮಡಚಿ, ಚಕ್ಕಳಮಕ್ಕಳ ಹಾಕಿ ಬಿಗಿಯಾಗಿ ಕೂತ. "ಇನ್ನೊಂದಾಟ ಗುರುಗಳೇ! ಈ ಸಲ ನಿಮ್ಮನ್ನ ಬಿಡಲ್ಲ!"

ಗುರುಗಳು ಕವಡೆ ಕುಲುಕಿದರು.

"ಸೋಮವಾರ ಆ ಹೆಂಗಸರ ಬಾಯಲ್ಲೂ ಇನ್ನೊಂದಾಟ ಅಂತ ಬಂದರೆ, ಬೇರೇನೂ ಕೇಳಬೇಡ."